ಬಾಘಾ ಜತೀನರೂ ಎಣಿಕೆಯ ಗುಂಡುಗಳೂ

ಚೆನ್ನೈಯಿಂದ ಹೌರಾಕ್ಕೆ ಹೋಗುವ ರೈಲು ಒಡಿಶಾದ ಬಾಲೇಶ್ವರ ನಿಲ್ದಾಣವನ್ನು ದಾಟಿದ ಬಳಿಕ ಬುಢಾಬಲಂಗವೆಂಬ ನದಿಯನ್ನು ಹಾಯುತ್ತದೆ. ನಮ್ಮ ವಾಚಕರಲ್ಲಿ ಆ ದಾರಿಯಾಗಿ ಪ್ರಯಾಣ ಮಾಡಿದವರು ಕೆಲವರಾದರೂ ಇರಬಹುದು. ಕಿಟಕಿಯಾಚೆಗೆ ಭತ್ತದ ಗದ್ದೆಗಳಲ್ಲದೆ ಕಣ್ಣನ್ನು ಸೆಳೆಯುವಂಥದು ಅಲ್ಲಿ ಹೆಚ್ಚೇನೂ ಇಲ್ಲ. ಆದರೆ ಈ ನದಿಯ ಆಸುಪಾಸಿನ ಚಾಷಾಖಂಡವೆಂಬಲ್ಲಿ 1915ನೆಯ ಇಸವಿ ಸೆಪ್ಟೆಂಬರ್ 9ರಂದು ಐವರು ಬಂಗಾಲಿ ತರುಣರು ಕೈಯಲ್ಲಿ ಪಿಸ್ತೂಲುಗಳನ್ನು ಹಿಡಿದು, ಬಂದೂಕು ಹೊತ್ತ ಪೊಲೀಸರ ದಂಡನ್ನು ಮುಕ್ಕಾಲು ಗಂಟೆಗೂ ಮಿಕ್ಕಿ ತಡೆದು ನಿಲ್ಲಿಸಿದ್ದರು. ಅವರ ನಾಯಕನೇ ಬಾಘಾ ಜತೀನನೆಂದು ನಾಡೆಲ್ಲ ಬಲ್ಲ ಜತೀಂದ್ರನಾಥ ಮುಖರ್ಜಿ.

ಜತೀಂದ್ರರ ಶೌರ್ಯವನ್ನು ಹೊಗಳಿದ ಬರಹಗಳು ಬಹಳವಿವೆ. ನಾವಿಂದು ಹೇಳಹೊರಟಿರುವುದು ಆ ಶೌರ್ಯದ ಹಿಂದಿದ್ದ ಒಂದು ಕೊರತೆಯ ಕಥೆ. ಪಿಸ್ತೂಲು ಕೈಗೆ ಬಂದೊಡನೆ ಮನುಷ್ಯನು ಬಲಶಾಲಿಯಾದನೆಂದು ನಾವು ತಿಳಿಯುತ್ತೇವೆ. ಆದರೆ ಒಲೆ ಎಷ್ಟು ದೊಡ್ಡದಾದರೇನು, ಉಗ್ರಾಣದಲ್ಲಿ ಅಕ್ಕಿಯಿಲ್ಲದ ದಿನ ಹೋಟೆಲಿನ ಬಾಗಿಲು ತೆರೆಯಲಾದೀತೇ? ಗುಂಡಿಲ್ಲದ ಪಿಸ್ತೂಲಿನ ಪಾಡೂ ಅದೇ. ಬಂಗಾಲದ ಕ್ರಾಂತಿಕಾರರನ್ನು ಹತ್ತು ವರ್ಷಗಳ ಕಾಲ ಕಾಡಿದ ಚಿಂತೆಯೆಂದರೆ ಈ ಮದ್ದುಗುಂಡಿನ ಉಗ್ರಾಣವನ್ನು ತುಂಬುವುದು ಹೇಗೆಂಬುದು.

ಹುಲಿಯನ್ನು ಕೊಂದ ಗುಮಾಸ್ತ

ಜತೀಂದ್ರರು ಹುಟ್ಟಿದುದು 1879ನೆಯ ಇಸವಿ ಡಿಸೆಂಬರ್ 7ರಂದು, ಅಂದಿನ ನದಿಯಾ ಜಿಲ್ಲೆಯ ಕಯಾ ಗ್ರಾಮದಲ್ಲಿ. ಕುಷ್ಟಿಯಾದ ಸಮೀಪದ ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಉಮೇಶಚಂದ್ರರು ಮಗನು ಇನ್ನೂ ಐದರ ಕೂಸಾಗಿದ್ದಾಗಲೇ ತೀರಿಕೊಂಡರು. ತಾಯಿ ಶರತ್‌ಶಶಿಯವರು ಮಗಳು ವಿನೋದಬಾಲೆಯನ್ನೂ ಮಗ ಜತೀಂದ್ರನನ್ನೂ ತವರಿನ ಆಸರೆಯಲ್ಲಿ ಬೆಳೆಸಿದರು. ಸೋದರಮಾವಂದಿರ ಮನೆಯಲ್ಲಿ ಬಾಲಕನಿಗೆ ಊಟಕ್ಕೂ ಆಟಕ್ಕೂ ಕೊರತೆಯಾಗಲಿಲ್ಲ. ಈಜು, ಕುದುರೆ ಸವಾರಿ, ಕುಸ್ತಿಗಳಲ್ಲಿ ಅವನು ಊರಿನ ಹುಡುಗರಿಗೆಲ್ಲ ಮುಂದಾಳಾದನು.

ಕೃಷ್ಣನಗರದಲ್ಲಿ ಶಾಲೆಯ ಓದು ಮುಗಿಸಿ ಕಲಕತ್ತೆಗೆ ಬಂದ ಜತೀಂದ್ರರು ಕಾಲೇಜಿನ ಪಾಠಗಳ ಜತೆಗೆ ಶೀಘ್ರಲಿಪಿಯನ್ನೂ ಬೆರಳಚ್ಚನ್ನೂ ಕಲಿತರು. ಮನೆಯ ಭಾರವನ್ನು ಹೊರಬೇಕಾದ ತರುಣನಿಗೆ ಆ ಕಾಲದಲ್ಲಿ ಅನ್ನ ಕೊಡುವ ವಿದ್ಯೆಗಳು ಅವೇ ಆಗಿದ್ದವು. ಮೊದಲು ಮುಜಫ್ಫರಪುರದಲ್ಲಿ ಕೆನಡಿಯೆಂಬ ಬ್ಯಾರಿಸ್ಟರರ ಬಳಿ ಕೆಲಸ ಮಾಡಿ, ಆ ಮೇಲೆ ಬಂಗಾಲ ಸರಕಾರದ ಸಚಿವಾಲಯದಲ್ಲಿ ಶೀಘ್ರಲಿಪಿಕಾರರಾಗಿ ಸೇರಿ, ವೀಲರ್ ಎಂಬ ಹಿರಿಯ ಆಂಗ್ಲ ಅಧಿಕಾರಿಯ ಕೈಕೆಳಗೆ ದುಡಿದರು. 1900ರಲ್ಲಿ ಇಂದುಬಾಲಾದೇವಿಯವರೊಡನೆ ವಿವಾಹವಾಯಿತು, ಮಕ್ಕಳಾದರು. ಸ್ವಂತ ಊರನ್ನು ಬಿಟ್ಟು ಪರಊರಿನ ಕಚೇರಿಯಲ್ಲಿ ಕುಳಿತು, ತಿಂಗಳ ಸಂಬಳದಿಂದ ಸಂಸಾರವನ್ನು ಸಾಗಿಸುವ ಬಾಳು ಎಂಥದೆಂಬುದನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಜತೀಂದ್ರರು ಬಾಳಿದುದೂ ಅದೇ ಬಾಳನ್ನೇ.

1906ರಲ್ಲಿ ಕಯಾ ಗ್ರಾಮದ ಬಳಿ ಹುಲಿಯೊಂದರ ಹಾವಳಿಯಾಯಿತು. ಜತೀಂದ್ರರು ಅದನ್ನು ಇದಿರಿಸಿದಾಗ ಅವರ ಕೈಯಲ್ಲಿದ್ದುದು ಒಂದು ಕಠಾರಿ ಮಾತ್ರ. ಹುಲಿಯು ಮೈಮೇಲೆ ಬಿದ್ದು ಪರಚಿ ಕಚ್ಚುತ್ತಿದ್ದರೂ ಬಿಡದೆ ಹೋರಾಡಿ, ಕಠಾರಿಯಿಂದ ತಿವಿದು ಅದನ್ನು ಕೊಂದರು. ಗಾಯಗಳು ನಂಜೇರಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಕಲಕತ್ತೆಯ ಪ್ರಸಿದ್ಧ ವೈದ್ಯರಾದ ಸುರೇಶಪ್ರಸಾದ ಸರ್ವಾಧಿಕಾರಿಯವರು ಚಿಕಿತ್ಸೆ ಮಾಡಿ ಉಳಿಸಿದರು. ಬಾಘಾ, ಅಂದರೆ ಹುಲಿಯ ಜತೀನನೆಂಬ ಹೆಸರು ಆಗ ಬಂದುದು. ಕೈಯಲ್ಲಿರುವುದು ಎಷ್ಟು ಅಲ್ಪವೋ ಅಷ್ಟರಿಂದಲೇ ಕಾರ್ಯವನ್ನು ಸಾಧಿಸುವ ಗುಣವು ಈ ಪ್ರಸಂಗದಲ್ಲಿಯೇ ಕಾಣುತ್ತದೆ.

ಬೊಕ್ಕಸದಲ್ಲಿ ಗುಂಡಿಲ್ಲ

1905ರ ವಂಗಭಂಗದ ತರುವಾಯ ಬಂಗಾಲದ ತರುಣರಲ್ಲಿ ಕ್ರಾಂತಿಯ ಸಂಘಗಳು ಬೆಳೆದವು. ಜತೀಂದ್ರರು ಹಗಲು ಸರಕಾರದ ಕಚೇರಿಯಲ್ಲಿ ಕಡತಗಳನ್ನು ಬರೆಯುತ್ತಿದ್ದು, ಉಳಿದ ವೇಳೆಯಲ್ಲಿ ಜಿಲ್ಲೆ ಜಿಲ್ಲೆಗಳ ತರುಣರನ್ನು ಒಂದುಗೂಡಿಸುತ್ತಿದ್ದರು. ಸಂಘಗಳಿಗೆ ಜನರ ಅಭಾವವಿರಲಿಲ್ಲ; ಪ್ರಾಣವನ್ನು ಕೊಡುವವರೂ ಇದ್ದರು. ಇಲ್ಲದಿದ್ದುದು ಶಸ್ತ್ರ, ಅದಕ್ಕಿಂತ ಮಿಗಿಲಾಗಿ ಮದ್ದುಗುಂಡು.

1878ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಭಾರತೀಯನು ಪರವಾನಗಿಯಿಲ್ಲದೆ ಪಿಸ್ತೂಲನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿರಲಿಲ್ಲ. ಆದುದರಿಂದ ಅವು ಕಳ್ಳದಾರಿಯಿಂದಲೇ ಬರಬೇಕು. ಫ್ರೆಂಚರ ಆಡಳಿತದಲ್ಲಿದ್ದ ಚಂದ್ರನಗರವು ಒಂದು ದಾರಿ. ಕಲಕತ್ತೆಯ ಬಂದರಿಗೆ ಬರುತ್ತಿದ್ದ ಹಡಗಿನ ನಾವಿಕರು ಇನ್ನೊಂದು ದಾರಿ. ಹೀಗೆ ಒಂದೊಂದಾಗಿ ಕೂಡಿಸಿದ ಪಿಸ್ತೂಲುಗಳು ಬೇರೆ ಬೇರೆ ತಯಾರಿಕೆಯವು. ಅವುಗಳ ನಳಿಗೆಯ ಅಳತೆಯೂ ಬೇರೆ ಬೇರೆ. ಒಂದರ ಗುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ಪಿಸ್ತೂಲಿದ್ದವನ ಬಳಿ ಗುಂಡಿಲ್ಲ, ಗುಂಡಿದ್ದವನ ಬಳಿ ತಕ್ಕ ಪಿಸ್ತೂಲಿಲ್ಲ ಎಂಬ ಸ್ಥಿತಿ. ಗುರಿ ಹೊಡೆಯುವುದನ್ನು ಕಲಿಯಬೇಕಾದರೂ ಗುಂಡು ವೆಚ್ಚವಾಗಬೇಕು. ಕಲಿಕೆಗೆ ವೆಚ್ಚ ಮಾಡಿದರೆ ಕಾರ್ಯಕ್ಕೆ ಉಳಿಯುವುದಿಲ್ಲ. ಈ ಕೊರತೆಗೆ ಪರಿಹಾರವೆಂದು ಕೆಲವರು ಮನೆಯಲ್ಲಿಯೇ ಬಾಂಬು ತಯಾರಿಸಲು ತೊಡಗಿದರು. ಹೇಮಚಂದ್ರ ಕಾನೂನಗೊರಂಥವರು ಆ ವಿದ್ಯೆಯನ್ನು ಅರಸಿ ಪ್ಯಾರಿಸಿನವರೆಗೂ ಹೋಗಿ ಬಂದರು.

1910ರ ಜನವರಿಯಲ್ಲಿ ಪೊಲೀಸ್ ಅಧಿಕಾರಿ ಶಂಸುಲ್ ಆಲಮನ ಕೊಲೆಯಾದ ಮೇಲೆ ಜತೀಂದ್ರರ ಬಂಧನವಾಯಿತು. ಹಾವಡಾ ಒಳಸಂಚಿನ ಮೊಕದ್ದಮೆಯಲ್ಲಿ ಅವರನ್ನು ಆರೋಪಿಯನ್ನಾಗಿ ಮಾಡಿದರೂ ಪುರಾವೆ ಸಾಲದೆ 1911ರಲ್ಲಿ ಬಿಡುಗಡೆ ದೊರೆಯಿತು. ಸರಕಾರಿ ನೌಕರಿ ಮಾತ್ರ ಹೋಯಿತು. ಆ ಮೇಲೆ ಅವರು ಜಸೋರ್ ಪ್ರಾಂತದಲ್ಲಿ ರೈಲು ಮಾರ್ಗದ ಗುತ್ತಿಗೆ ಕೆಲಸವನ್ನು ಹಿಡಿದು ಜೀವನ ಸಾಗಿಸಿದರು. ಗುತ್ತಿಗೆದಾರನು ಊರೂರು ತಿರುಗುವುದು ಸಹಜವಾದುದರಿಂದ ಅವರ ಗುಪ್ತ ಕಾರ್ಯಕ್ಕೂ ಅದು ಮರೆಯಾಯಿತು. 1913ರ ದಾಮೋದರ ನದಿಯ ನೆರೆಯಲ್ಲಿ ಸಂತ್ರಸ್ತರ ಸೇವೆಗೆಂದು ಕೂಡಿದ ತಂಡಗಳು ಅವರ ಮುಂದಾಳುತನದಲ್ಲಿ ಒಂದಕ್ಕೊಂದು ಸಮೀಪವಾದವು.

ಹತ್ತು ಪೆಟ್ಟಿಗೆಗಳು

1914ರ ಆಗಸ್ಟಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಅದೇ ತಿಂಗಳ 26ರಂದು ಕಲಕತ್ತೆಯಲ್ಲಿ ನಡೆದ ಘಟನೆಯೊಂದು ಮದ್ದುಗುಂಡಿನ ಅಭಾವವನ್ನು ಒಮ್ಮೆಗೇ ನೀಗಿಸಿದಂತೆ ತೋರಿತು. ರೋಡಾ ಕಂಪನಿಯೆಂಬುದು ಅಲ್ಲಿಯ ಹೆಸರಾಂತ ಬಂದೂಕಿನ ವ್ಯಾಪಾರ ಸಂಸ್ಥೆ. ಶ್ರೀಶಚಂದ್ರ ಮಿತ್ರ ಎಂಬ ಅದರ ಗುಮಾಸ್ತನು ಸುಂಕದ ಕಟ್ಟೆಯಿಂದ ಮಾಲು ಬಿಡಿಸಿ ತರುವ ಕೆಲಸದವನು. ಆ ದಿನ ಅವನು ಬಿಡಿಸಿದುದು 202 ಪೆಟ್ಟಿಗೆಗಳನ್ನು. ಕಂಪನಿಯ ಗೋದಾಮಿಗೆ ತಲುಪಿದುದು 192. ಮಿಕ್ಕ ಹತ್ತು ಪೆಟ್ಟಿಗೆಗಳು ಎತ್ತಿನ ಗಾಡಿಯಲ್ಲಿ ಬೇರೆ ದಾರಿ ಹಿಡಿದವು. ಗಾಡಿ ಹೊಡೆಯುವವನ ವೇಷದಲ್ಲಿದ್ದವನು ಹರಿದಾಸ ದತ್ತನೆಂಬ ಕ್ರಾಂತಿಕಾರಿ. ಉಳಿದ ಪೆಟ್ಟಿಗೆಗಳನ್ನು ತರುವೆನೆಂದು ಹೋದ ಶ್ರೀಶಚಂದ್ರನು ಮರಳಿ ಕಚೇರಿಗೆ ಬರಲೇ ಇಲ್ಲ. ಅವನ ಮುಂದಿನ ಗತಿ ಯಾರಿಗೂ ತಿಳಿಯಲಿಲ್ಲ. ದಿನವೂ ಮಾಲನ್ನು ಎಣಿಸಿ ಲೆಕ್ಕ ಒಪ್ಪಿಸುವ ಸಾಮಾನ್ಯ ಗುಮಾಸ್ತನೊಬ್ಬನು ಒಂದು ದಿನ ಹತ್ತನ್ನು ಕಡಿಮೆ ಎಣಿಸಿ ಚರಿತ್ರೆಯಲ್ಲಿ ಸೇರಿಹೋದನು.

ಆ ಪೆಟ್ಟಿಗೆಗಳಲ್ಲಿದ್ದುದು ಜರ್ಮನಿಯಲ್ಲಿ ತಯಾರಾದ 50 ಮೌಸರ್ ಪಿಸ್ತೂಲುಗಳು ಹಾಗೂ 46,000 ಗುಂಡುಗಳು. ಈ ಸಾಹಸವನ್ನು ಮಾಡಿದವರು ಬಿಪಿನವಿಹಾರಿ ಗಂಗೂಲಿಯವರ ಆತ್ಮೋನ್ನತಿ ಸಮಿತಿಯ ಬಳಗದವರು. ಜತೀಂದ್ರರ ಸ್ವಂತ ತಂಡದವರಲ್ಲ. ಆದರೂ ದೊರೆತ ಪಿಸ್ತೂಲುಗಳಲ್ಲಿ 44 ಕೂಡಲೇ ಬಂಗಾಲದ ಒಂಬತ್ತು ಬೇರೆ ಬೇರೆ ತಂಡಗಳಿಗೆ ಹಂಚಿಹೋದವು.

ಮೌಸರ್ ಪಿಸ್ತೂಲಿನ ರಚನೆಯನ್ನು ಇಲ್ಲಿ ತುಸು ಹೇಳಬೇಕು. ಕುದುರೆಗೊಂಡಿಯ ಮುಂದುಗಡೆಯಲ್ಲಿ ಗುಂಡಿನ ಮನೆ. ಲೋಹದ ಪಟ್ಟಿಯೊಂದಕ್ಕೆ ಸಾಲಾಗಿ ಸಿಕ್ಕಿಸಿದ ಹತ್ತು ಗುಂಡುಗಳನ್ನು ಮೇಲಿನಿಂದ ಒತ್ತಿದರೆ ಅವು ಒಳಗಿಳಿಯುತ್ತವೆ. ಪಿಸ್ತೂಲನ್ನಿಡುವ ಮರದ ಪೆಟ್ಟಿಗೆಯನ್ನೇ ಹಿಡಿಕೆಗೆ ಜೋಡಿಸಿ ಹೆಗಲಿಗಾನಿಸಿದರೆ ಅದು ಚಿಕ್ಕ ಬಂದೂಕಿನಂತಾಗುತ್ತದೆ. ಎಲ್ಲ ಪಿಸ್ತೂಲುಗಳಿಗೂ ಒಂದೇ ಅಳತೆಯ ಗುಂಡಾದುದರಿಂದ ಹಳೆಯ ತೊಡಕು ತಪ್ಪಿತು. ಆದರೆ ಹೊಸ ತೊಡಕುಗಳು ಹುಟ್ಟಿದವು. ಪ್ರತಿಯೊಂದು ಪಿಸ್ತೂಲಿಗೂ ಸಂಖ್ಯೆಯಿದ್ದು ಅದು ಕಂಪನಿಯ ಲೆಕ್ಕದಲ್ಲಿ ದಾಖಲಾಗಿತ್ತು. ಎಲ್ಲಿ ಯಾವುದು ಸಿಕ್ಕರೂ ಅದರ ಮೂಲವು ಪೊಲೀಸರಿಗೆ ತಿಳಿಯುತ್ತಿತ್ತು. ಕದ್ದ ಗುಂಡುಗಳಲ್ಲಿ ಹಲವು ಸಾವಿರ ಅವರಿಗೆ ಮರಳಿ ಸಿಕ್ಕಿದವು. ಎಲ್ಲಕ್ಕೂ ಮಿಗಿಲಾಗಿ, ಜರ್ಮನಿಯೊಡನೆ ಯುದ್ಧವು ನಡೆಯುತ್ತಿರಲು ಜರ್ಮನಿಯ ಸರಕು ಇನ್ನು ಕಲಕತ್ತೆಯ ಅಂಗಡಿಗೆ ಬರುವಂತಿರಲಿಲ್ಲ. ಹಾರಿಸಿದ ಪ್ರತಿಯೊಂದು ಗುಂಡೂ ಹೋದದ್ದೇ. ಅದರ ಜಾಗಕ್ಕೆ ಇನ್ನೊಂದಿಲ್ಲ.

46,000 ಎಂಬುದು ದೊಡ್ಡ ಸಂಖ್ಯೆಯೆಂದು ತೋರಬಹುದು. 50ರಿಂದ ಭಾಗಿಸಿದರೆ ಒಂದು ಪಿಸ್ತೂಲಿಗೆ 920. ಗುಪ್ತ ತಂಡವೊಂದರ ಸಣ್ಣ ಕಾರ್ಯಗಳಿಗೆ ಅದು ಬೇಕಾದಷ್ಟು. ಮುಂದಿನ ವರ್ಷಗಳಲ್ಲಿ ಈ ಪಿಸ್ತೂಲುಗಳನ್ನು 54 ಪ್ರಕರಣಗಳಲ್ಲಿ ಬಳಸಲಾಯಿತೆಂದು ಸರಕಾರದ ಸಮಿತಿಯು 1918ರ ವರದಿಯಲ್ಲಿ ಲೆಕ್ಕ ಹಾಕಿತು. ಆದರೆ ಜತೀಂದ್ರರ ಮನಸ್ಸಿನಲ್ಲಿದ್ದುದು ಇಂಥ ಬಿಡಿ ಕಾರ್ಯಗಳಲ್ಲ; ದೇಶದ ಉದ್ದಗಲಕ್ಕೆ ಏಳಬೇಕಾದ ದಂಗೆ. ಅದಕ್ಕೆ ಕದ್ದ ಸರಕು ಸಾಲದು. ಮದ್ದುಗುಂಡು ಹಡಗು ತುಂಬಿ ಬರಬೇಕು. ಇದನ್ನು ಅವರು ಸ್ಪಷ್ಟವಾಗಿ ಅರಿತಿದ್ದರು.

ಬಾರದ ಹಡಗು

ಬ್ರಿಟಿಷರ ಶತ್ರುವಾದ ಜರ್ಮನಿಯು ಭಾರತೀಯ ಕ್ರಾಂತಿಕಾರರಿಗೆ ಶಸ್ತ್ರ ಕೊಡಲು ಒಪ್ಪಿತು. 1915ರ ಫೆಬ್ರುವರಿ 12ರಂದು ಗಾರ್ಡನ್ ರೀಚಿನಲ್ಲಿ ನಡೆದ ದರೋಡೆಯಲ್ಲಿ 18,000 ರೂಪಾಯಿ ಕೈಸೇರಿತು. ಅದೇ ತಿಂಗಳ 24ರಂದು ಜತೀಂದ್ರರು ಕಲಕತ್ತೆಯ ಅಡಗುದಾಣವೊಂದರಲ್ಲಿದ್ದಾಗ ಅಕಸ್ಮಾತ್ತಾಗಿ ಒಳಬಂದ ಪರಿಚಿತನೊಬ್ಬನು ಅವರನ್ನು ಗುರುತಿಸಿದನು. ಕೂಡಲೇ ಅವನಿಗೆ ಗುಂಡು ಹಾರಿಸಲಾಯಿತು. ಅವನು ಸಾಯುವ ಮೊದಲು ಪೊಲೀಸರಿಗೆ ಜತೀಂದ್ರರ ಹೆಸರನ್ನು ಹೇಳಿದನು. ಆ ಗುಂಡಿನಿಂದ ಒಬ್ಬನ ಪ್ರಾಣವೂ ಹೋಯಿತು, ಜತೀಂದ್ರರಿಗೆ ಕಲಕತ್ತೆಯಲ್ಲಿ ನೆಲೆಯೂ ತಪ್ಪಿತು. ಪಿಸ್ತೂಲಿನ ದಾರಿಯು ಎಷ್ಟು ಕಠೋರವೆಂಬುದನ್ನು ಮರೆಮಾಚಿ ಈ ಜೀವನವನ್ನು ಹೇಳುವುದು ಸರಿಯಲ್ಲವೆಂದು ನಾವು ಎಣಿಸುತ್ತೇವೆ.

ಏಪ್ರಿಲಿನಲ್ಲಿ ಜತೀಂದ್ರರ ನೆಚ್ಚಿನ ಅನುಯಾಯಿಯಾದ ನರೇಂದ್ರನಾಥ ಭಟ್ಟಾಚಾರ್ಯನು ಹೆಸರು ಬದಲಿಸಿಕೊಂಡು ಜಾವಾದ್ವೀಪದ ಬಟಾವಿಯಾಕ್ಕೆ ಹೋದನು. ಮುಂದೆ ಎಂ. ಎನ್. ರಾಯ್ ಎಂದು ಲೋಕಪ್ರಸಿದ್ಧನಾದವನು ಈತನೇ. ಮಾವೆರಿಕ್ ಎಂಬ ಹಡಗಿನಲ್ಲಿ 30,000 ಬಂದೂಕುಗಳೂ ಒಂದೊಂದು ಬಂದೂಕಿಗೆ 400ರಂತೆ ಗುಂಡುಗಳೂ ಬರಲಿವೆಯೆಂಬ ಭರವಸೆ ಅಲ್ಲಿ ದೊರೆಯಿತು. ಹಣವು ಕಲಕತ್ತೆಯ ಹ್ಯಾರಿ ಅಂಡ್ ಸನ್ಸ್ ಎಂಬ ಅಂಗಡಿಯ ಹೆಸರಿಗೆ ಬರತೊಡಗಿತು. ಅದು ಹೆಸರಿಗೆ ವ್ಯಾಪಾರ. ನಿಜದಲ್ಲಿ ಕ್ರಾಂತಿಕಾರರ ಕಚೇರಿ. ಬಾಲೇಶ್ವರದಲ್ಲಿ ಅದರ ಶಾಖೆಯಾಗಿ ಯೂನಿವರ್ಸಲ್ ಎಂಪೋರಿಯಂ ಎಂಬ ಅಂಗಡಿಯು ತೆರೆಯಿತು. ಜತೀಂದ್ರರು ಅಲ್ಲಿಂದ ಸುಮಾರು 20 ಮೈಲು ದೂರದ, ಮಯೂರಭಂಜ ಸಂಸ್ಥಾನದ ಕಪ್ತಿಪದಾದ ಕಾಡಿನ ಮರೆಯಲ್ಲಿ ನೆಲೆಸಿದರು. ದಂಗೆಯೆದ್ದಾಗ ಮದ್ರಾಸಿನ ರೈಲು ಮಾರ್ಗವನ್ನು ಕಡಿದು ಸೈನ್ಯವು ಬಾರದಂತೆ ತಡೆಯುವ ಹೊಣೆಯನ್ನು ಅವರೇ ವಹಿಸಿಕೊಂಡಿದ್ದರು. ನಾವು ಮೊದಲು ಹೇಳಿದ ರೈಲು ದಾರಿಯೇ ಅದು.

ಹಡಗು ಸುಂದರಬನದ ರಾಯಮಂಗಲಕ್ಕೆ ಜೂನ್ ತಿಂಗಳ ಕೊನೆಗೆ ಬರುವುದೆಂದೂ, ಸಾಲಾಗಿ ತೂಗುಹಾಕಿದ ದೀಪಗಳೇ ಅದರ ಗುರುತೆಂದೂ ನಿಶ್ಚಯವಾಗಿತ್ತು. ಹೋದವರು ದಿನಗಟ್ಟಲೆ ಕತ್ತಲೆಯಲ್ಲಿ ಕಣ್ಣು ನೆಟ್ಟು ಕಾದರು, ದೀಪಗಳು ಕಾಣಲಿಲ್ಲ. ಆದುದೇನೆಂದರೆ, ಮಾವೆರಿಕ್ ಅಮೇರಿಕೆಯ ಕ್ಯಾಲಿಫೋರ್ನಿಯಾದಿಂದ ಬರಿದಾಗಿಯೇ ಹೊರಟಿತ್ತು. ಶಸ್ತ್ರಗಳನ್ನು ಹೊತ್ತ ಆನಿ ಲಾರ್ಸನ್ ಎಂಬ ಹಾಯಿಹಡಗು ಮೆಕ್ಸಿಕೋದ ಸೊಕೋರೋ ದ್ವೀಪದ ಬಳಿ ಅದನ್ನು ಸಂಧಿಸಬೇಕಾಗಿತ್ತು. ಎರಡೂ ಒಂದನ್ನೊಂದು ಕಾಣದೆ ಹೋದವು. ಆನಿ ಲಾರ್ಸನ್ ಅಲೆದಲೆದು ಜೂನ್ ತಿಂಗಳ ಕೊನೆಗೆ ಅಮೇರಿಕೆಯ ವಾಷಿಂಗ್ಟನ್ ರಾಜ್ಯದ ಬಂದರೊಂದನ್ನು ಸೇರಿದಾಗ ಅಲ್ಲಿಯ ಅಧಿಕಾರಿಗಳು ಮಾಲನ್ನೆಲ್ಲ ವಶಪಡಿಸಿಕೊಂಡರು. ಮಾವೆರಿಕ್ ಬರಿಗೈಯಲ್ಲಿ ಜಾವಾವನ್ನು ಮುಟ್ಟಿತು. ಸಾವಿರಾರು ಮೈಲಿಗಳಾಚೆಯ ಸಮುದ್ರದಲ್ಲಿ ಎರಡು ಹಡಗುಗಳು ಸಂಧಿಸದೆ ಹೋದುದರಿಂದ ಒರಿಸ್ಸಾದ ಕಾಡಿನಲ್ಲಿ ಕಾದಿದ್ದವರಿಗೆ ಉಳಿದುದು ಕೈಯಲ್ಲಿದ್ದ ಮೌಸರ್ ಪಿಸ್ತೂಲುಗಳೂ ಬೆರಳಿಂದ ಎಣಿಸಬಹುದಾದಷ್ಟು ಪಟ್ಟಿ ಗುಂಡುಗಳೂ ಮಾತ್ರ.

ನರೇಂದ್ರನು ಆಗಸ್ಟಿನಲ್ಲಿ ಮತ್ತೊಮ್ಮೆ ಶಸ್ತ್ರಗಳನ್ನು ಅರಸಿ ಹೊರಟನು. ಅವನು ಶಸ್ತ್ರಗಳನ್ನು ತರಲೂ ಇಲ್ಲ, ತನ್ನ ನಾಯಕನನ್ನು ಮತ್ತೆ ಕಾಣಲೂ ಇಲ್ಲ.

ಚಾಷಾಖಂಡ

ಆಗಸ್ಟ್ 7ರಂದು ಪೊಲೀಸರು ಹ್ಯಾರಿ ಅಂಡ್ ಸನ್ಸನ್ನು ಶೋಧಿಸಿದರು. ಸೆಪ್ಟೆಂಬರ್ 4ರಂದು ಬಾಲೇಶ್ವರದ ಅಂಗಡಿಯ ಸರದಿ. ಅಲ್ಲಿಂದ ಕಪ್ತಿಪದಾದ ಸುಳಿವು ಸಿಕ್ಕಿತು. ಅಡಗುದಾಣದಲ್ಲಿ ಅವರಿಗೆ ದೊರೆತುದು ಸುಂದರಬನದ ನಕಾಶೆ ಮತ್ತು ಮಾವೆರಿಕ್ ಹಡಗಿನ ಸುದ್ದಿಯಿದ್ದ ಪಿನಾಂಗಿನ ಪತ್ರಿಕೆಯ ತುಣುಕು. ಆ ಹೊತ್ತಿಗೆ ಜತೀಂದ್ರರು ಹೊರಟುಹೋಗಿದ್ದರು.

ಅವರು ಒಬ್ಬರೇ ದೂರ ಸರಿಯಬಹುದಾಗಿತ್ತು. ಆದರೆ ಸಂಗಾತಿಗಳಾದ ನೀರೇಂದ್ರನಾಥ ದಾಸಗುಪ್ತ, ಜ್ಯೋತಿಷಚಂದ್ರ ಪಾಲ ಎಂಬಿಬ್ಬರು ತಾಲದಿಹಾ ಎಂಬ ಬೇರೊಂದು ಹಳ್ಳಿಯಲ್ಲಿದ್ದರು. ಅವರನ್ನು ಬಿಟ್ಟುಹೋಗಲು ಜತೀಂದ್ರರು ಒಪ್ಪಲಿಲ್ಲ. ಚಿತ್ತಪ್ರಿಯ ರಾಯಚೌಧರಿ, ಮನೋರಂಜನ ಸೇನಗುಪ್ತ ಇಬ್ಬರೊಡನೆ ಅಲ್ಲಿಗೆ ಹೋಗಿ, ಐವರೂ ಕೂಡಿ ಕಾಡು ಮೇಡುಗಳಲ್ಲಿ ನಡೆದು ಬಾಲೇಶ್ವರದ ಕಡೆಗೆ ಬಂದರು. ಮಳೆಗಾಲದ ಕೆಸರು, ಹೊಟ್ಟೆಗೆ ಸರಿಯಾದ ಅನ್ನವಿಲ್ಲ. ಬಂಗಾಲಿ ಡಕಾಯಿತರು ತಿರುಗುತ್ತಿದ್ದಾರೆ, ಹಿಡಿದುಕೊಟ್ಟವರಿಗೆ ಬಹುಮಾನವುಂಟೆಂದು ಪೊಲೀಸರು ಹಳ್ಳಿಗಳಲ್ಲಿ ಸಾರಿದ್ದರು. ಹಳ್ಳಿಗರು ಬೆನ್ನಟ್ಟಿ ಬಂದರು. ಅವರಿಗಾಗಿ ಹೋರಾಡುತ್ತಿದ್ದವರು ಇವರೇ ಎಂಬುದನ್ನು ಅವರಿಗೆ ಹೇಳುವವರು ಯಾರು? ಬೆನ್ನಟ್ಟಿದವರಲ್ಲಿ ಒಬ್ಬನು ಗುಂಡೇಟಿಗೆ ಬಲಿಯಾದನು. ಆ ಹಳ್ಳಿಗನ ಮನೆಯಲ್ಲಿ ಅಂದು ಎದ್ದ ಅಳುವೂ ಈ ಕಥೆಯ ಭಾಗವೇ.

ಸೆಪ್ಟೆಂಬರ್ 9ರಂದು ಬಾಲೇಶ್ವರದ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಕಿಲ್ಬಿಯವರ ಮುಂದಾಳುತನದಲ್ಲಿ ಸಶಸ್ತ್ರ ಪೊಲೀಸರು ಅವರನ್ನು ಚಾಷಾಖಂಡದಲ್ಲಿ ಮುತ್ತಿದರು. ಕಲಕತ್ತೆಯಿಂದ ಬಂದ ಪೊಲೀಸ್ ಅಧಿಕಾರಿ ಟೆಗಾರ್ಟರೂ ಈ ಬೇಟೆಯಲ್ಲಿದ್ದರು. ಐವರು ಗದ್ದೆಗಳ ನಡುವಿನ ತಗ್ಗೊಂದನ್ನು ಮರೆಮಾಡಿಕೊಂಡು ನಿಂತರು. ಪೊಲೀಸರ ಬಂದೂಕು ಪಿಸ್ತೂಲಿಗಿಂತ ಬಹು ದೂರಕ್ಕೆ ಹೊಡೆಯಬಲ್ಲುದು. ಅವರ ಮದ್ದುಗುಂಡಿಗೆ ಸರಕಾರದ ಉಗ್ರಾಣವೇ ಆಧಾರ. ಇವರಿಗೋ, ಸೊಂಟದಲ್ಲಿದ್ದುದೇ ಉಗ್ರಾಣ.

ಹೋರಾಟವು ಸುಮಾರು 75 ನಿಮಿಷ ನಡೆಯಿತೆಂದು ಹೇಳುತ್ತಾರೆ. ಈ ಅಂಕೆಯನ್ನು ನಾವು ಸ್ವಲ್ಪ ಯೋಚಿಸಿ ನೋಡಬೇಕು. ಮೌಸರ್ ಪಿಸ್ತೂಲಿನ ಹತ್ತು ಗುಂಡುಗಳನ್ನು ಅವಸರದಲ್ಲಿ ಹಾರಿಸಿದರೆ ಕೆಲವು ಕ್ಷಣಗಳಲ್ಲಿ ಮುಗಿದುಹೋಗುತ್ತವೆ. ಭಯದಿಂದಲೋ ಆವೇಶದಿಂದಲೋ ಮನಬಂದಂತೆ ಹಾರಿಸಿದ್ದರೆ ಅವರ ಸಂಗ್ರಹವು ಅಷ್ಟು ಹೊತ್ತು ನಿಲ್ಲುವುದು ಸಾಧ್ಯವೇ ಇರಲಿಲ್ಲ. ಶತ್ರುವು ಮುಂದೆ ಸರಿದಾಗ ಮಾತ್ರ ಹಾರಿಸುವುದು, ಸರಿಯದಿದ್ದಾಗ ಕೈ ತಡೆಯುವುದು, ಗುರಿ ಸಿಕ್ಕದಿದ್ದರೆ ಗುಂಡನ್ನು ಉಳಿಸುವುದು, ಹೀಗಲ್ಲದೆ ಬೇರೆ ದಾರಿಯಿರಲಿಲ್ಲ. ಸುತ್ತಲೂ ಗುಂಡುಗಳು ಹಾರುತ್ತಿರುವಾಗ ಬೆರಳನ್ನು ತಡೆಹಿಡಿಯುವುದು ಹಾರಿಸುವುದಕ್ಕಿಂತ ಕಠಿನವಾದ ಧೈರ್ಯ.

ಚಿತ್ತಪ್ರಿಯನು ಅಲ್ಲಿಯೇ ಮಡಿದನು. ಜತೀಂದ್ರರಿಗೂ ಜ್ಯೋತಿಷನಿಗೂ ಕಠಿನವಾದ ಗಾಯಗಳಾದವು. ಕೊನೆಗೆ ಗುಂಡುಗಳು ಮುಗಿದವು. ಉಳಿದವರು ಬರಿಯ ಪಿಸ್ತೂಲು ಹಿಡಿದು ಮುನ್ನುಗ್ಗಿ ಸಾಯಬಹುದಿತ್ತು. ಆದರೆ ಜತೀಂದ್ರರು ಹೋರಾಟವನ್ನು ನಿಲ್ಲಿಸಬೇಕೆಂದು ತಿಳಿಸಿದರು. ಬಿಳಿಯ ಬಟ್ಟೆ ಮೇಲೆದ್ದಿತು. ಹಿಡಿದ ಮೇಲೆ ಅವರು ಎಲ್ಲ ಹೊಣೆಯನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಂಡು, ತಮ್ಮೊಡನಿದ್ದ ಹುಡುಗರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಬೇಕೆಂದು ಅಧಿಕಾರಿಗಳನ್ನು ಕೇಳಿಕೊಂಡರು. ಮರುದಿನ, ಸೆಪ್ಟೆಂಬರ್ 10ರಂದು, ಬಾಲೇಶ್ವರದ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಆಗ ಅವರ ವಯಸ್ಸು 35.

ಅವರ ಕೋರಿಕೆ ನಡೆಯಲಿಲ್ಲ. ಮನೋರಂಜನನನ್ನೂ ನೀರೇಂದ್ರನನ್ನೂ ಅದೇ ವರ್ಷ ಗಲ್ಲಿಗೇರಿಸಿದರು. ಜ್ಯೋತಿಷನನ್ನು ಅಂಡಮಾನಿಗೆ ಕಳುಹಿಸಿದರು. ಅಲ್ಲಿಯ ಸೆರೆಯಲ್ಲಿ ಬುದ್ಧಿಭ್ರಮಣೆಯಾಗಿ ಅವನು 1924ರಲ್ಲಿ ಬಂಗಾಲದ ಬಹರಾಮಪುರದಲ್ಲಿ ತೀರಿಕೊಂಡನು.

ಉಳಿದ ಲೆಕ್ಕ

ಜತೀಂದ್ರರ ಯೋಜನೆಯು ಸೋತಿತು. ಏಕೆ ಸೋತಿತೆಂಬುದಕ್ಕೆ ಕಾರಣಗಳನ್ನು ಪಟ್ಟಿ ಮಾಡಬಹುದು: ಗುಪ್ತಚರರ ಜಾಲ, ಪರದೇಶದ ಮಾತನ್ನು ನೆಚ್ಚಿದುದು, ಹಳ್ಳಿಯ ಜನರನ್ನು ಮೊದಲೇ ತಮ್ಮವರನ್ನಾಗಿ ಮಾಡಿಕೊಳ್ಳದಿದ್ದುದು. ಈ ಕೊನೆಯ ಕೊರತೆಯು ಮದ್ದುಗುಂಡಿನ ಕೊರತೆಗಿಂತ ದೊಡ್ಡದೆಂದು ನಮಗೆ ತೋರುತ್ತದೆ. ತುತ್ತು ಅನ್ನ, ಒಂದು ರಾತ್ರಿಯ ಆಸರೆ, ಪೊಲೀಸರು ಬಂದ ದಾರಿಯ ಸುದ್ದಿ ಇಷ್ಟನ್ನು ಹಳ್ಳಿಗಳು ಕೊಟ್ಟಿದ್ದರೆ ಐವರು ಚಾಷಾಖಂಡದ ಗದ್ದೆಯಲ್ಲಿ ಗುಂಡುಗಳನ್ನು ಎಣಿಸುತ್ತ ನಿಲ್ಲಬೇಕಾಗುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ರಾಷ್ಟ್ರೀಯ ಚಳವಳಿಯು ಜನಸಾಮಾನ್ಯರ ಬಾಗಿಲಿಗೆ ಹೋದಾಗ ಅದಕ್ಕೆ ಸಿಕ್ಕಿದ ಬಲವು ಯಾವ ಹಡಗಿನಲ್ಲಿಯೂ ಬರುವಂಥದಾಗಿರಲಿಲ್ಲ.

ಆದರೂ ಈ ಬಾಳಿನಿಂದ ನಾವು ಗೌರವದಿಂದ ಎತ್ತಿಕೊಳ್ಳಬೇಕಾದುದೊಂದಿದೆ. ಬರಬೇಕಾದುದು ಬಾರದೆ ಹೋದಾಗ ಜತೀಂದ್ರರು ಅದನ್ನು ಹಳಿಯುತ್ತ ಕೂಡಲಿಲ್ಲ. ಇದ್ದಷ್ಟನ್ನು ಎಣಿಸಿಕೊಂಡು ವ್ಯರ್ಥವಾಗದಂತೆ ಬಳಸಿದರು. ತಮ್ಮ ಪ್ರಾಣವನ್ನು ಉಳಿಸಿಕೊಳ್ಳಲು ಸಂಗಾತಿಗಳನ್ನು ಬಿಡಲಿಲ್ಲ. ಇದ್ದುದೆಲ್ಲ ಮುಗಿದಾಗ ಉಳಿದವರ ಪ್ರಾಣವನ್ನು ತಮ್ಮ ಕೀರ್ತಿಗಿಂತ ಹೆಚ್ಚೆಂದು ಬಗೆದರು.

ಕಲಕತ್ತೆಯ ದಕ್ಷಿಣ ಭಾಗದಲ್ಲಿ ಈಗ ಬಾಘಾಜತೀನ್ ಎಂಬ ಬಡಾವಣೆಯಿದೆ. ಅದೇ ಹೆಸರಿನ ರೈಲು ನಿಲ್ದಾಣವೂ ಇದೆ. ಬೆಳಗ್ಗೆ ಬುತ್ತಿ ಹಿಡಿದು ಕಚೇರಿಗೆ ಓಡುವ ಗುಮಾಸ್ತರು ಅಲ್ಲಿ ಗಾಡಿ ಹತ್ತುತ್ತಾರೆ. ತಾವು ದಿನವೂ ಕೇಳುವ ಆ ಹೆಸರಿನವನೂ ಒಂದು ಕಾಲಕ್ಕೆ ಹೀಗೆಯೇ ಕಚೇರಿಗೆ ಹೋಗುತ್ತಿದ್ದ ಗುಮಾಸ್ತನೆಂಬುದು ಅವರಲ್ಲಿ ಎಷ್ಟು ಜನರಿಗೆ ನೆನಪಿರುವುದೋ ನಾವರಿಯೆವು. ನಮ್ಮ ವಾಚಕರಾದರೂ ಇನ್ನೊಮ್ಮೆ ಆ ದಾರಿಯಲ್ಲಿ ಹೋದಾಗ, ಬುಢಾಬಲಂಗದ ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಗುವ ಆ ಅರೆಗಳಿಗೆಯಲ್ಲಿ, ಕಿಟಕಿಯಿಂದ ಹೊರಗೆ ನೋಡಿಯಾರೆಂದು ನಾವು ನಂಬುತ್ತೇವೆ.